ಎರಡು ಟಕ್ ಹಿಂದಕ್ಕೆ

ವೊಡೊಂಗಾ
ಭಾನುವಾರ, ೧೭ ಮಾರ್ಚ್ ೨೦೧೩

ನನ್ನ ಮುದ್ದಿನ ಬ್ರೊನ್,

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಿನ್ನ ಹುಟ್ಟುಹಬ್ಬ ಕಳೆದು ಎಂಟು ದಿನವಾಯಿತು, ನನ್ನ ಕಾಗದ ಬರಲಿಲ್ಲ. ನೀನು ಟಿಮೋರಿನಲ್ಲಿ ಸೇನೆಯ ಡೇರೆಯಲ್ಲಿದ್ದಾಗಲೂ ತಪ್ಪದಿದ್ದದ್ದು ಈ ಸಲ ತಪ್ಪಿತು. ಅಮ್ಮ ಫೋನಿನಲ್ಲಿ ಮಾತಾಡುವಾಗ ನಾನು ಹಿಂದಿನಿಂದ ಕೂಗಿದ್ದು ಲೆಕ್ಕಕ್ಕಿಲ್ಲ ಎಂದು ನನಗೂ ಗೊತ್ತು. ಅದು ಸಾಲದೆಂಬಂತೆ, ನೋಡಿಕೊಡಪ್ಪಾ ಎಂದು ನೀನು ಕಳಿಸಿದ ಪುಸ್ತಕದ ಕರಡು ಮೂರು ವಾರದಿಂದ ಬ್ರೆಡ್ ಡಬ್ಬಿಯ ಪಕ್ಕದಲ್ಲೇ ಕೂತಿದೆ. ನೀನು ಮೂರು ಸಲ ನೆನಪು ಮಾಡಿದೆ. ಮೂರನೆಯದರಲ್ಲಿ 'ಅಪ್ಪ' ಎಂಬ ಮಾತೂ ಇರಲಿಲ್ಲ. ಸೇನೆಗೆ ಹೊಸ ಗನ್ನು ತರಿಸುವ ನಿನ್ನ ಕ್ಯಾನ್‌ಬೆರಾದ ಕಚೇರಿಯಿಂದ ಯಾರೋ ಮೇಜರ್ ಬರೆದ ಹಾಗಿತ್ತು. ಬೈಸಿಕೊಳ್ಳುವಂಥ ಕೆಲಸವನ್ನೇ ಮಾಡಿದ್ದೇನೆ, ಬೈದುಕೋ.

ಇಲ್ಲಿ ಎಲ್ಲ ಕ್ಷೇಮ. ಅಮ್ಮನ ಮೊಣಕಾಲು ಬೆಳಿಗ್ಗೆ ಮುನಿಸಿಕೊಳ್ಳುತ್ತದೆ, ಹತ್ತು ಗಂಟೆಗೆ ರಾಜಿಯಾಗುತ್ತದೆ. ಪ್ಲಮ್ ಈ ವರ್ಷ ಮರ ಬಾಗುವಷ್ಟು ಬಿಟ್ಟಿತ್ತು. ಹದಿನಾಲ್ಕು ಸೀಸೆ ಜಾಮ್ ಆಯಿತು, ಅದರಲ್ಲಿ ಆರು ಸೀಸೆ ಸ್ವಲ್ಪ ತಳ ಹಿಡಿದದ್ದು. ನಿನ್ನ ಅಮ್ಮನ ಕೈಯಲ್ಲಿ ಜಾಮ್ ತಳ ಹಿಡಿಯಿತೆಂದರೆ ಅದಕ್ಕೊಂದು ಕಾರಣವಿರಬೇಕು, ಅದನ್ನೂ ಬರೆಯುತ್ತೇನೆ. ಈಗ ಅವಳು ಒಗೆದ ಬಟ್ಟೆಯ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ. "ಬರೀತಿದ್ದೀಯೋ, ಪೆನ್ನು ಅಗೀತಿದ್ದೀಯೋ? ಗುರುವಾರ ಅದು ಅಚ್ಚಿಗೆ ಹೋಗುತ್ತೆ ಲಿಂಡ್ಸೆ. ಆಮೇಲೆ ನೀನು ಬರೆದ್ರೆಷ್ಟು, ಬಿಟ್ರೆಷ್ಟು" ಅಂದಳು. ಹಾಗಾಗಿ ಸುತ್ತಿ ಬಳಸುವುದನ್ನು ಬಿಡುತ್ತೇನೆ.

ಪುಸ್ತಕ ಚೆನ್ನಾಗಿದೆ ಮಗಳೇ. ಹಳೆಯ ಹೆವಿ ಮೆಷಿನ್ ಗನ್ನಿಗೆ ವಿದಾಯ ಹೇಳಲು ಇಷ್ಟು ಮರ್ಯಾದೆಯ ಪುಸ್ತಕ ಬರುತ್ತದೆಂದು ನಾನು ಎಣಿಸಿರಲಿಲ್ಲ. ಒಂದೆರಡು ಚಿತ್ರದ ಕೆಳಗೆ ಇಸವಿ ತಪ್ಪಾಗಿದೆ, ಪೆನ್ಸಿಲಿನಲ್ಲಿ ತಿದ್ದಿದ್ದೇನೆ. ನಾನು ಸಿಕ್ಕಿಬಿದ್ದದ್ದು ಹನ್ನೊಂದನೆಯ ಪುಟದಲ್ಲಿ. ಅಲ್ಲಿ ನೀನು ನಿನ್ನ ಚಿಕ್ಕಪ್ಪ ಮರ್ವ್‌ನ ಬಗ್ಗೆ ಬರೆದಿದ್ದೀಯ: 'ಹೊಸ ಗನ್ನು ಏಕೆ ಬೇಕು ಎಂಬುದಕ್ಕೆ ನನ್ನ ಮನೆಯಲ್ಲೇ ಉತ್ತರವಿದೆ. ೧೯೮೧ರಲ್ಲಿ ನನ್ನ ಚಿಕ್ಕಪ್ಪ, ಸಿಪಾಯಿ ಮರ್ವಿನ್ ಪಾಸ್ಕೋ, ನಳಿಗೆ ಬದಲಿಸಿ, ಅಳತೆ ನೋಡದೆ ಗುಂಡು ಹಾರಿಸಿದರು. ಒಂದು ಕ್ಷಣದ ಅಜಾಗ್ರತೆಗೆ ಬಲಗಣ್ಣು ಕೊಟ್ಟರು.' ನೀನು ಪ್ರೀತಿಯಿಂದಲೇ ಬರೆದಿದ್ದೀಯ, ನನಗೆ ಗೊತ್ತು. ಹಳೆಯ ಗನ್ನಿನ ಬೀಳ್ಕೊಡುಗೆ ಸಮಾರಂಭಕ್ಕೆ ಅವನನ್ನು ಕರೆದೂ ಇದ್ದೀಯ. ಮೊದಲ ಸಾಲಿನಲ್ಲಿ ಕೂತು ಅವನು ಆ ಪುಟ ತೆರೆಯುತ್ತಾನೆ.

ಆ ಪುಟವನ್ನು ನಾನು ಉಗುಳಲೂ ಆಗದೆ ನುಂಗಲೂ ಆಗದೆ ಮೂರು ವಾರ ಇಟ್ಟುಕೊಂಡೆ. ನಡುವೆ ಇಲ್ಲಿನ ಸೇನೆಯ ಆಯುಧ ತರಬೇತಿ ಶಾಲೆಯವರು ಕರೆ ಕಳಿಸಿದರು: ಹಳೆಯ ಗನ್ನಿನ ಕೊನೆಯ ತರಗತಿ, ನೀವೇ ಬಂದು ಪಾಠ ಹೇಳಿ ಮುಗಿಸಬೇಕು ಎಂದು. ಇಪ್ಪತ್ತಾರು ವರ್ಷ ಪಾಠ ಹೇಳಿದ ಕೊಠಡಿ, ಅದೇ ಎಣ್ಣೆಯ ವಾಸನೆ. ಮೇಜಿನ ಮೇಲೆ ಎರಡೂ ಗನ್ನು ಅಕ್ಕಪಕ್ಕ ಮಲಗಿದ್ದವು. ಹೊಸದೆಂದರೆ ಏನೋ ಅಂದುಕೊಂಡಿದ್ದೆ. ಹಳೆಯದೇ ಮೈ, ಕುತ್ತಿಗೆ ಮಾತ್ರ ಹೊಸದು. ನೂರರ ಹತ್ತಿರ ಬಂದ ಈ ಮುದುಕಿಯನ್ನು ಬದಲಿಸುತ್ತೇವೆಂದು ಹೊರಟ ಸೇನೆಗಳೆಲ್ಲ ಸುತ್ತಾಡಿಕೊಂಡು ಮತ್ತೆ ಅವಳ ಅಂಗಳಕ್ಕೇ ಬಂದು ನಿಂತಿವೆ. ನನಗೆ ಒಳಗೊಳಗೇ ಖುಷಿಯಾಯಿತು.

ಹಳೆಯದರ ಪಾಠ ನಿನಗೆ ಬಾಯಿಪಾಠ. ಅಡುಗೆಮನೆಯಲ್ಲಿ ಜಾಮ್ ಸೀಸೆಯ ಮುಚ್ಚಳ ಹಿಡಿದುಕೊಂಡು ಆರು ವರ್ಷಕ್ಕೇ ಒಪ್ಪಿಸುತ್ತಿದ್ದೆ. ನಳಿಗೆಯನ್ನು ಪೂರ್ತಿ ಬಿಗಿ ಮಾಡು, ಎರಡು ಟಕ್ ಹಿಂದಕ್ಕೆ ತಿರುಗಿಸು, ಎರಡು ಸಲ ಸದ್ದು ಕೇಳಬೇಕು, ಆಮೇಲೆ ಅಳತೆಯ ಪಟ್ಟಿ, ಗೇಜು, ತೂರಿಸಿ ನೋಡು: ಒಂದು ತುದಿ ಹೋಗಬೇಕು, ಇನ್ನೊಂದು ಹೋಗಬಾರದು. ಒಂದು ಟಕ್ ಹೆಚ್ಚಾದರೆ ನಳಿಗೆಗೂ ತೋಟಾವನ್ನು ಒಳಕ್ಕೆ ತಳ್ಳುವ ಬೋಲ್ಟಿಗೂ ನಡುವೆ ಕೂದಲೆಳೆಯಷ್ಟು ಜಾಗ ಹೆಚ್ಚು. ಆ ಜಾಗದಲ್ಲಿ ತೋಟಾ ಒಡೆದರೆ ಬೆಂಕಿಯೆಲ್ಲ ಹಿಂದಕ್ಕೆ, ಹಾರಿಸುವವನ ಮುಖಕ್ಕೆ. ಹೊಸದಕ್ಕೆ ಟಕ್ಕೂ ಇಲ್ಲ, ಗೇಜೂ ಇಲ್ಲ. ನಳಿಗೆ ತೂರಿಸು, ತಿರುಗಿಸು, ಮುಗಿಯಿತು. ಅಳತೆಯನ್ನು ಕಾರ್ಖಾನೆಯಲ್ಲೇ ಕೂರಿಸಿ ಕಳಿಸುತ್ತಾರೆ.

"ಎಣಿಸೋಕೆ ಬರದವರಿಗೂ ಒಂದು ಗನ್ ಮಾಡಿದ್ದಾರೆ" ಎಂದು ತರಗತಿಗೆ ತಮಾಷೆ ಮಾಡಿದೆ. ನಕ್ಕರು. ಆಮೇಲೆ ಎಂದಿನ ಹಾಗೆ, ಇಪ್ಪತ್ತಾರು ವರ್ಷದಲ್ಲಿ ಯಾವ ಬ್ಯಾಚಿಗೂ ತಪ್ಪಿಸದ ಹಾಗೆ, ಅಜಾಗ್ರತೆಯಿಂದ ಕಣ್ಣು ಕಳೆದುಕೊಂಡ ಸಿಪಾಯಿಯ ಕಥೆ ಹೇಳಿದೆ. ಹೆಸರು ಎಂದೂ ಹೇಳಿದವನಲ್ಲ. ಕೊನೆಗೆ ನನ್ನ ಹಳೆಯ ಮಾತು: "ಗನ್ ತಪ್ಪು ಮಾಡಲ್ಲ, ಮನುಷ್ಯ ಮಾಡ್ತಾನೆ."

ಹಿಂದಿನ ಸಾಲಿನಲ್ಲಿ ಟೀಗನ್ ಎಂಬ ಸಿಪಾಯಿ, ಕುರಿ ಸಾಕುವವರ ಮಗಳು, ಕೈ ಎತ್ತಿದಳು. "ಸರ್, ಮನುಷ್ಯ ತಪ್ಪು ಮಾಡ್ತಾನೆ ಅಂತ ಗೊತ್ತಿದ್ದೂ ಆ ಜಾಗ ಯಾಕೆ ಬಿಟ್ಟಿದ್ರು?"

"ಎಚ್ಚರ ಇರ್ಲಿ ಅಂತ."

"ಎಚ್ಚರ ಇರೋ ಮನುಷ್ಯ ಎಣಿಸ್ತಿರುವಾಗ ಯಾರಾದ್ರೂ ಮಾತಾಡಿಸಿದ್ರೆ?"

ಅವಳಿಗೇನೂ ಗೊತ್ತಿರಲಿಲ್ಲ ಬ್ರೊನ್. ಸುಮ್ಮನೆ ಕೇಳಿದಳು. ಟೀ ಹೊತ್ತಾಯಿತು ಅಂದು ತರಗತಿ ಬಿಟ್ಟುಬಿಟ್ಟೆ. ಮನೆಗೆ ಬಂದು, ಒಲೆಯ ಮುಂದೆ ನಿಂತಿದ್ದ ನಿನ್ನ ಅಮ್ಮನಿಗೆ ಮೂವತ್ತೆರಡು ವರ್ಷ ಹೇಳದಿದ್ದದ್ದನ್ನು ಹೇಳಿದೆ. ಜಾಮ್ ತಳ ಹಿಡಿದದ್ದು ಆಗ.

ನಿನಗೂ ಹೇಳುತ್ತೇನೆ. ನಳಿಗೆ ಬದಲಿಸಿದವನು ಮರ್ವ್ ಅಲ್ಲ, ನಾನು. ನೀನು ಹುಟ್ಟಿದ್ದು ಸೋಮವಾರ, ಅದು ನಡೆದದ್ದು ಬುಧವಾರ. ಎರಡು ದಿನದಿಂದ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದವನು ನೆಟ್ಟಗೆ ಫೈರಿಂಗ್ ರೇಂಜಿಗೆ ಹೋಗಿದ್ದೆ. ನಾನಾಗ ಗನ್ನುಗಳನ್ನು ನೋಡಿಕೊಳ್ಳುವ ಕಾರ್ಪೋರಲ್, ಮರ್ವ್ ಅದನ್ನು ಹಾರಿಸುವ ಸಿಪಾಯಿ. ಬೆಳಿಗ್ಗೆಯಿಂದ ಹಾರಿಸಿ ನಳಿಗೆ ಕಾದಿತ್ತು. ದಪ್ಪ ಕೈಗವಸು ಹಾಕಿಕೊಂಡು ಹಳೆಯದನ್ನು ಬಿಚ್ಚಿ ಹೊಸದನ್ನು ಬಿಗಿ ಮಾಡಿದೆ. ಹಿಂದಕ್ಕೆ ತಿರುಗಿಸುತ್ತಿದ್ದೆ. ಒಂದು ಟಕ್. ಆಗ ಟ್ರಕ್ಕಿನ ಮೇಲಿಂದ ಯಾರೋ ಕೂಗಿದರು, "ಪಾಸ್ಕೋ, ಹೆಣ್ಣೋ ಗಂಡೋ?" ನಾನು ತಲೆ ಎತ್ತಿ "ಹೆಣ್ಣು, ಮೂರೂವರೆ ಕಿಲೋ" ಎಂದು ಕೂಗಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಕೈ ಮಾತ್ರ ತಿರುಗಿಸುತ್ತಲೇ ಇತ್ತು. ಗೇಜು ನನ್ನ ಅಂಗಿಯ ಜೇಬಿನಲ್ಲಿತ್ತು, ತೆಗೆಯಲಿಲ್ಲ. ಮರ್ವ್ ಗನ್ನಿನ ಹಿಂದೆ ಕೂರುತ್ತ "ಗೇಜ್ ಆಯ್ತಾ?" ಅಂದ. "ಆಯ್ತು" ಅಂದೆ.

ಹಾರಿಸುವವನೂ ಇನ್ನೊಮ್ಮೆ ಅಳತೆ ನೋಡಬೇಕೆಂಬುದು ನಿಯಮ. ಅವನು ನೋಡಲಿಲ್ಲ, ಅಣ್ಣ ಹೇಳಿದ ಮೇಲೆ ಮುಗಿಯಿತು ಎಂದುಕೊಂಡ. ಮೊದಲ ಗುಂಡಿಗೇ ಗನ್ನಿನ ಮೇಲಿನ ಮುಚ್ಚಳ ಕಿತ್ತು ಅವನ ಮುಖಕ್ಕೆ ಹಾರಿತು. ವಿಚಾರಣೆ ನಡೆಯಿತು. ನಾನು ಸುಮ್ಮನಿದ್ದೆ. ತಪ್ಪು ಅವನ ತಲೆಗೆ ಬಂತು. ಸೇನೆಯಲ್ಲೇ ತಲೆ ನರೆಯಬೇಕೆಂದಿದ್ದವನು ಇಪ್ಪತ್ತಾರಕ್ಕೆ ಮನೆಗೆ ಬಂದು ಜೇನು ಸಾಕಿದ. ನಾನು ಬಡ್ತಿ ಮೇಲೆ ಬಡ್ತಿ ಪಡೆದು, ಅವನ ಕಣ್ಣನ್ನು ಪಾಠ ಮಾಡಿಕೊಂಡು ಊರೆಲ್ಲ ಹೇಳಿದೆ. ನಾಚಿಕೆಯಾಗುತ್ತದೆ ಮಗಳೇ. ಇದಕ್ಕಿಂತ ದೊಡ್ಡ ಮಾತು ನನ್ನ ಹತ್ತಿರ ಇಲ್ಲ.

ನಿನ್ನೆ ಯಾಕಂಡಂಡಾಕ್ಕೆ, ಮರ್ವ್‌ನ ಮನೆಗೆ ಹೋಗಿದ್ದೆ, ಅವನನ್ನು ಕೇಳಿಯೇ ಬರೆಯೋಣವೆಂದು. ಮರ್ವ್ ಜೇನುಪೆಟ್ಟಿಗೆಗೆ ಬಣ್ಣ ಬಳಿಯುತ್ತಿದ್ದ. ನಿನ್ನ ಹುಟ್ಟುಹಬ್ಬದ ಜೇನುಡಬ್ಬ ತಲುಪಿತೇ ಎಂದು ಮೊದಲು ವಿಚಾರಿಸಿದ. ನಾನು ನಿಂತುಕೊಂಡೇ ಎಲ್ಲ ಹೇಳಿದೆ, ಹನ್ನೊಂದನೆಯ ಪುಟವನ್ನೂ ಓದಿದೆ. ಅವನು ಬಣ್ಣ ಬಳಿಯುವುದನ್ನು ನಿಲ್ಲಿಸಲಿಲ್ಲ.

"ಚೆನ್ನಾಗಿ ಬರೀತಾಳೆ ಹುಡುಗಿ. ಬಿಡು, ಹಾಗೇ ಇರ್ಲಿ."

"ಇರ್ಲಿ ಅಂದ್ರೆ? ನೀನು ತಪ್ಪು ಮಾಡ್ಲಿಲ್ವಲ್ಲೋ."

"ಅರ್ಧ ಮಾಡಿದ್ದೀನಿ ಮಾರಾಯ. ರೂಲ್ ಪುಸ್ತಕ ಇಷ್ಟು ದಪ್ಪ ಇತ್ತು. ನಿನ್ನ ಮಾತು ಅದಕ್ಕಿಂತ ದಪ್ಪ ಅನ್ಕೊಂಡೆ."

"ನಂಗೆ ಇನ್ನು ಹೊರೋಕಾಗಲ್ಲ ಮರ್ವ್."

"ಓಹೋ. ಭಾರ ಹೊತ್ತಿದ್ದು ನೀನು ಅಂತ ಆಯ್ತು. ನಾನು ಸುಮ್ನೆ ಪಕ್ಕದಲ್ಲಿ ನಡ್ಕೊಂಡು ಬಂದೆ ಅನ್ನು."

ಇಷ್ಟು ವರ್ಷದಲ್ಲಿ ಅವನು ನನ್ನನ್ನು ಚುಚ್ಚಿದ್ದು ಅದೊಂದೇ ಸಲ. ಚುಚ್ಚಿದ್ದು ಒಳ್ಳೆಯದೇ ಆಯಿತು. ನಾನು ತಲೆಕೆಳಗಾದ ಒಂದು ಪೆಟ್ಟಿಗೆಯ ಮೇಲೆ ಕೂತೆ, ಬಣ್ಣ ಪ್ಯಾಂಟಿಗೆಲ್ಲ ಹತ್ತಿತು. ಅದನ್ನು ನೋಡಿ ಅವನು ಹೊಟ್ಟೆ ಹಿಡಿದು ನಕ್ಕ. ಆಮೇಲೆ ಕುಂಚವನ್ನು ಡಬ್ಬದ ಮೇಲಿಟ್ಟು, ಇರುವ ಒಂದು ಕಣ್ಣಿನಿಂದ ನನ್ನನ್ನು ನೋಡಿ ಹೇಳಿದ: "ಬರಿ. ಆದ್ರೆ ಪೂರ್ತಿ ಬರಿ. ಅರ್ಧಂಬರ್ಧ ಬರಿಯೋದಾದ್ರೆ ಅವಳ ಪುಟಾನೇ ವಾಸಿ."

ಹಾಗಾಗಿ ಕೇಳಿಕೊಳ್ಳುತ್ತೇನೆ ಬ್ರೊನ್. ಆ ಪುಟದಲ್ಲಿ ಅವನ ಹೆಸರು ಹೊಡೆದುಹಾಕಿ, ನಳಿಗೆ ಬದಲಿಸಿ ಅಳತೆ ನೋಡದವನು ಕಾರ್ಪೋರಲ್ ಲಿಂಡ್ಸೆ ಪಾಸ್ಕೋ ಎಂದು ಹಾಕು. ಮೇಲಿನವರು ಕೇಳಿದರೆ ಈ ಕಾಗದ ತೋರಿಸು. ನನ್ನ ಪದಕ, ಪಿಂಚಣಿ ಯಾವುದಕ್ಕೆ ಏನಾದರೂ ಆಗಲಿ, ಅಮ್ಮನೂ ಸೈ ಅಂದಿದ್ದಾಳೆ. ಇದನ್ನು ಫೋನಿನಲ್ಲೇ ಹೇಳೋಣವೆಂದು ಎರಡು ಸಲ ನಿನ್ನ ನಂಬರು ಒತ್ತಿದೆ, ನಿನ್ನ ದನಿ ಕೇಳಿ ಹವಾಮಾನ ವಿಚಾರಿಸಿ ಇಟ್ಟುಬಿಟ್ಟೆ. ಕಾಗದದ ಜೊತೆ ನನ್ನ ಗೇಜನ್ನೂ ಇಟ್ಟಿದ್ದೇನೆ. ಅವತ್ತು ಜೇಬಿನಲ್ಲಿದ್ದದ್ದು ಇದೇ. ಮ್ಯೂಸಿಯಮ್ಮಿಗೆ ಕೊಡು, ಬೇಡವಾದರೆ ಎಸೆ.

ನಿನ್ನ ಹೊಸ ಗನ್ನಿನ ಬಗ್ಗೆ ಗೊಣಗಿದ್ದನ್ನೆಲ್ಲ ವಾಪಸ್ ತೆಗೆದುಕೊಳ್ಳುತ್ತೇನೆ. ಮನುಷ್ಯ ತಪ್ಪು ಮಾಡುತ್ತಾನೆಂದು ಇಪ್ಪತ್ತಾರು ವರ್ಷ ಗದರಿಸಿದವನು ನಾನು. ಮಾಡಿಯೇ ಮಾಡುತ್ತಾನೆ, ಪಾಪ, ಅವನಿಗೂ ಮಗು ಹುಟ್ಟುತ್ತದೆ ಎಂದು ಯೋಚಿಸಿ ಆ ಜಾಗ ಮುಚ್ಚಿದವರು ನೀವು. ಟೀಗನ್‌ಳಂಥವರು ಅದರ ಹಿಂದೆ ಕೂತು ಎರಡೂ ಕಣ್ಣು ಉಳಿಸಿಕೊಂಡು ಮನೆಗೆ ಹೋಗುತ್ತಾರೆ. ಮೂವತ್ತೆರಡು ವರ್ಷ ಮೊದಲು ಬಂದಿದ್ದರೆ ಎಂದು ಹೊಟ್ಟೆ ಉರಿಯುತ್ತದೆ, ಅಷ್ಟೆ.

ಚಳಿ ಬರುತ್ತಿದೆ, ಕ್ಯಾನ್‌ಬೆರಾದ ಗಾಳಿಗೆ ಕಿವಿ ಮುಚ್ಚಿಕೊಂಡು ಓಡಾಡು. ನೂರು ಕಾಲ ಸುಖವಾಗಿರು. ಈ ಅಪ್ಪನಿಗಿಂತ ಎದೆಗಾರಿಕೆ ನಿನ್ನಲ್ಲಿ ಹೆಚ್ಚಿರಲಿ. ಹೆಚ್ಚೇ ಇದೆ.

ಇಂತು, ನಿನ್ನನ್ನು ಎಂದಿನಂತೆ ಪ್ರೀತಿಸುವ,
ಅಪ್ಪ
(ಲಿಂಡ್ಸೆ ಪಾಸ್ಕೋ)

ಮರೆತ ಮಾತು: ಮರೆತದ್ದಲ್ಲ. ಲಕೋಟೆ ಅಂಟಿಸಿ, ಮರ್ವ್ ಹೇಳಿದ್ದು ನೆನಪಾಗಿ ಮತ್ತೆ ಬಿಚ್ಚಿದೆ. ವಿಚಾರಣೆಯಲ್ಲಿ ಸುಮ್ಮನಿದ್ದೆ ಎಂದು ಮೇಲೆ ಬರೆದಿದ್ದೇನೆ. ಅದು ಸುಳ್ಳು. ಬಾಯಿಬಿಟ್ಟು ಹೇಳಿದೆ. ನಳಿಗೆ ಬದಲಿಸಿದವರು ಯಾರು ಎಂದು ಕೇಳಿದರು. "ಸಿಪಾಯಿ ಪಾಸ್ಕೋ, ಸರ್" ಅಂದೆ. ತಮ್ಮ ಎನ್ನಲಿಲ್ಲ. ನನ್ನ ಹೇಳಿಕೆಯನ್ನು ಟೈಪು ಮಾಡಿಸಿ, ಒಪ್ಪಿಗೆಯೇ ಎಂದು ಮರ್ವ್‌ನನ್ನು ಕೇಳಲು ಆಸ್ಪತ್ರೆಗೆ ಒಯ್ದರು. ನಾನು ಮಂಚದ ಪಕ್ಕದಲ್ಲೇ ನಿಂತಿದ್ದೆ. ಆಗ ತಾನೇ ಅವನ ಎಡಗಣ್ಣಿನ ಪಟ್ಟಿ ತೆಗೆದಿದ್ದರು, ಅವನು ಆ ಕಣ್ಣಿನಲ್ಲಿ ಓದಿದ ಮೊದಲ ಕಾಗದ ಅದು. ನಿಧಾನವಾಗಿ ಎರಡು ಸಲ ಓದಿದ. ನನ್ನ ಮುಖ ನೋಡಿದ. ಸಹಿ ಹಾಕಿದ. ಆಮೇಲೆ "ಮಗೂಗೆ ಹೆಸರಿಟ್ರಾ?" ಎಂದು ಕೇಳಿದ. ಈ ಗಲಾಟೆಯಲ್ಲಿ ಇನ್ನೂ ಇಟ್ಟಿಲ್ಲ ಅಂದೆ.

"ಬ್ರೊನ್ವಿನ್ ಅಂತ ಇಡಿ, ಚೆನ್ನಾಗಿರುತ್ತೆ" ಅಂದ.