ಮೇಜರ್ ಆದ ದಿನ

ಅಮ್ಮಾ,

ಇವತ್ತು ಬೆಳಿಗ್ಗೆ ನನ್ನನ್ನು ಮೇಜರ್ ಮಾಡಿದರು, ಆರು ವರ್ಷ ತಡವಾಗಿ. ಖುಷಿಯಲ್ಲಿದ್ದೇನೆ ಅಂದುಕೊಳ್ಳಬೇಡ, ಮೈಯೆಲ್ಲ ಉರಿಯುತ್ತಿದೆ.

ವಾರವಿಡೀ ಶಾಲೆಯಲ್ಲಿ ಗಣಿತ ಹೇಳಿಕೊಟ್ಟು, ರಜೆ ಬಂತೆಂದರೆ ಸಮವಸ್ತ್ರ ತೊಟ್ಟು ಮೀಸಲು ಪಡೆಗೆ ಓಡಿದವಳು ನಾನು. ಅಧಿಕಾರಿಗಳ ಕೋರ್ಸ್ ಮುಗಿಸಿಲ್ಲವೆಂದು ನನ್ನ ಬಡ್ತಿಯ ಫೈಲು ಪ್ರತಿ ವರ್ಷ ವಾಪಸು ಬರುತ್ತಿತ್ತು. ಕೊನೆಗೂ ಆ ಕೋರ್ಸಿಗೆ ಸೀಟು ಸಿಕ್ಕಿದ್ದು ನಿನ್ನನ್ನು ಆಸ್ಪತ್ರೆಗೆ ಸೇರಿಸಿದ ವಾರ.

"ಹೋಗೇ, ನಾನೇನು ಓಡಿಹೋಗ್ತೀನಾ?" ಅಂದೆ ನೀನು. ಹೋದೆ. ನಾಲ್ಕನೇ ವಾರ, ನೀನು ಇನ್ನಿಲ್ಲವೆಂದು ಅಕ್ಕ ಫೋನ್ ಮಾಡಿದಾಗ ಪರೀಕ್ಷೆ ಬರೆಯುತ್ತಿದ್ದೆ.

ಇವತ್ತು ಆದೇಶಕ್ಕೆ ಸಹಿ ಹಾಕುವಾಗ ಗುಮಾಸ್ತನನ್ನು ಕೇಳಿದೆ, "ಕೋರ್ಸಿನ ಸರ್ಟಿಫಿಕೇಟು ಫೈಲಲ್ಲಿ ಇಟ್ಟೇ ಇಲ್ವಲ್ಲ?"

"ಅದು ಬೇಡ ಮೇಡಂ. ನಿಮ್ಮ ಬ್ಯಾಚಿಗೆ ಹೋದ ವರ್ಷ ಮಾರ್ಚಲ್ಲೇ ವಿನಾಯಿತಿ ಕೊಟ್ರಲ್ಲ. ಸುತ್ತೋಲೆ ನಿಮಗೆ ಕಳಿಸೋದು ಮರೆತುಹೋಗಿರಬೇಕು."

ನಾನು ಕೋರ್ಸಿಗೆ ಹೊರಟಿದ್ದು ಅದರ ಮರುತಿಂಗಳು, ಏಪ್ರಿಲ್‌ನಲ್ಲಿ, ಅಮ್ಮಾ.

ಮೇಜಿಗೆ ಗುದ್ದಿದೆ. ಮುದ್ರೆಯ ಪ್ಯಾಡು ಹಾರಿ ನೆಲಕ್ಕೆ ಬಿತ್ತು. "ಮರೆತುಹೋಗಿರಬೇಕಾ? ಒಂದು ಕಾಗದ ಕಳಿಸೋ ಯೋಗ್ಯತೆ ಇಲ್ವಾ ನಿಮಗೆ?" ಎಂದು ಕಿರುಚಿದೆ. ಇಡೀ ಕಚೇರಿ ತಲೆಯೆತ್ತಿ ನೋಡಿತು. ಅವನು ಬಗ್ಗಿ ಪ್ಯಾಡು ಎತ್ತಿಕೊಳ್ಳುತ್ತಾ, "ಕಲಿತಿದ್ದೇನು ದಂಡ ಆಗಲ್ಲ ಬಿಡಿ ಮೇಡಂ" ಎಂದ. ಅವನ ಕಪಾಳಕ್ಕೆ ಬಿಗಿಯದೆ ಹೊರಗೆ ಬಂದಿದ್ದೇ ದೊಡ್ಡದು.

ಮೈದಾನದಲ್ಲಿ ಕರ್ನಲ್ ಮೇಜರ್ ದರ್ಜೆಯ ಹೊಸ ಭುಜಪಟ್ಟಿಗಳನ್ನು ಹಿಡಿದು ನಿಂತಿದ್ದರು. ಪಾಪ, ಅವರಿಗೇನು ಗೊತ್ತು!

"ಒಂದು ಭುಜಕ್ಕೆ ನಾನು ಹಾಕ್ತೀನಿ, ಇನ್ನೊಂದಕ್ಕೆ ನಿಮ್ಮ ಮನೆಯವರು ಹಾಕ್ಲಿ. ಯಾರು ಬಂದಿದ್ದಾರೆ?" ಎಂದರು.

"ಎರಡೂ ನೀವೇ ಹಾಕಿ ಸರ್" ಅಂದೆ.