ಒಂದು ಗೇಣು ಕಮ್ಮಿಯಾದ ತೊಲೆ

ಅಪ್ಪಾ,

ನಿನ್ನ ಕಬ್ಬಿಣದ ಪೆಟ್ಟಿಗೆಯ ಮೇಲೆ ಕಾಗದ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಎದುರಿಗೆ ನೀನು ಎಬ್ಬಿಸಿದ ಗೋಡೆಗಳಿವೆ, ಮೇಲೆ ಸೂರಿಲ್ಲ. ರಾವಂದೂರಿನ ದಿಕ್ಕಿಗೆ ಮಧ್ಯಾಹ್ನದಿಂದ ಮೋಡ ಕಟ್ಟುತ್ತಿದೆ. ಮಣ್ಣಿನ ಗೋಡೆ ಬೋಳುತಲೆಯಲ್ಲಿ ಎಷ್ಟು ಮಳೆ ತಡೆದೀತು? ನಾನೊಂದು ತಪ್ಪು ಮಾಡಿದ್ದೇನೆ. ಯಾರಿಗೆ ಹೇಳಿಕೊಂಡರೂ ‘ನಿಂದೇನವ್ವ ತಪ್ಪು, ಬುಡು’ ಅನ್ನುತ್ತಾರೆ. ಆ ಮಾತು ಕೇಳಿ ಕೇಳಿ ನನಗೆ ರೋಸಿಹೋಗಿದೆ. ನೀನಾಗಿದ್ದರೆ ಚೆನ್ನಾಗಿ ಬೈಯುತ್ತಿದ್ದೆ. ಬೈಸಿಕೊಳ್ಳೋಣ ಎಂದೇ ಬರೆಯಲು ಕೂತಿದ್ದೇನೆ.

ಶಾಮರಾಯರು ಮೊದಲ ಸಲ ಮೈಸೂರಿನಿಂದ ಬಂದ ದಿನ ನೆನಪಿದೆಯಾ? ಹೊಳೆ ನುಗ್ಗಿ ಎಡತೊರೆಯ ನಮ್ಮ ಮನೆ ಕುಸಿದ ಮೇಲೆ, ಈ ಹೊಸ ಊರಿನಲ್ಲಿ ಸರ್ಕಾರ ಕೊಟ್ಟ ಜಾಗದಲ್ಲಿ ಗುಡಿಸಲು ಹಾಕಿಕೊಂಡು ಕೂತಿದ್ದೆವು. ಸುತ್ತ ಎಲ್ಲರೂ ತಂತಮ್ಮ ಹಳೆಯ ಮನೆಯನ್ನೇ ಮತ್ತೆ ಕಟ್ಟಿಕೊಳ್ಳುತ್ತಿದ್ದರು. ನೀನೊಬ್ಬ, ಮನೆಯ ನಕ್ಷೆ ಬರೆಯುವುದನ್ನೇ ಕಸುಬು ಮಾಡಿಕೊಂಡವರನ್ನು ಕರೆಸಿದೆ. ಊರೆಲ್ಲ ನಕ್ಕಿತು. ಶಾಮರಾಯರು ಬಿಸಿಲಿನಲ್ಲಿ ಕೊಡೆ ಹಿಡಿದು ನಿಂತು, ‘ಗೌಡ್ರೇ, ನಿಮಗೆ ಎಂಥಾ ಮನೆ ಬೇಕು?’ ಅಂದರು. ನೀನು ತಲೆಯ ಪಟಗ ಬಿಚ್ಚಿ ಹಣೆಯ ಮೇಲಿನ ಗಂಟು ತೋರಿಸಿದೆ.

‘ನೋಡಿ ಸ್ವಾಮಿ. ಉಟ್ಟಿದಾಗ್ನಿಂದ ಆ ಮನೆ ತೊಲೆಗೆ ಅಣೆ ಚಚ್ಕೊಂಡೇ ಬದ್ಕಿವ್ನಿ. ನಾನು ತಲೆ ಎತ್ಕಂಡು ಓಡಾಡೋ ಮನೆ ಬರ್ದುಕೊಡಿ. ಇನ್ನೇನೂ ಬ್ಯಾಡ.’

ಇನ್ನೇನೂ ಬೇಡ ಅಂದವನು ಆಮೇಲೆ ಮೂರು ತಿಂಗಳು ಅವರ ಜೀವ ತಿಂದೆಯಲ್ಲ. ಅವರು ದನದ ಕೊಟ್ಟಿಗೆಯನ್ನು ಹಿತ್ತಲಿಗೆ ಹಾಕಿ ತಂದರೆ, ನೀನು ನಕ್ಷೆಯನ್ನು ಸುತ್ತಿ ವಾಪಸ್ ಕೊಟ್ಟೆ. ‘ದನ ಮೆಲುಕು ಆಕೋದು ಕೇಳ್ದಿದ್ರೆ ನಂಗೆ ನಿದ್ದೆ ಬರಾಕಿಲ್ಲ.’ ಅವರು ಗಾಳಿ, ಬೆಳಕು, ಕಾಯಿಲೆ ಎಂದೆಲ್ಲ ಹೇಳಿದರು. ನೀನು ‘ದಿಟ, ದಿಟ’ ಎಂದು ತಲೆಯಾಡಿಸಿ, ಕೊನೆಗೆ ಮತ್ತೆ ಅಲ್ಲಿಗೇ ಬಂದೆ. ಆಮೇಲೆ ಆ ಪುಣ್ಯಾತ್ಮರು ನಮ್ಮ ಗುಡಿಸಲಲ್ಲೇ ಒಂದು ಹಗಲೆಲ್ಲ ಕೂತು, ದನ ಎಲ್ಲಿಂದ ಬರುತ್ತದೆ, ಅವ್ವ ಸಗಣಿ ಎಲ್ಲಿಗೆ ಹೊರುತ್ತಾಳೆ, ನೀನು ಯಾವ ಮಗ್ಗುಲಿಗೆ ಮಲಗುತ್ತೀಯ ಎಂದು ನೋಡಿ ಹೋದರು. ಮುಂದಿನ ನಕ್ಷೆಯಲ್ಲಿ ನಡುಮನೆಗೂ ಕೊಟ್ಟಿಗೆಗೂ ನಡುವೆ ಎದೆಮಟ್ಟದ ಗೋಡೆ ಬಂತು. ಗಾಳಿಯೂ ಆಡುತ್ತದೆ, ಮೆಲುಕೂ ಕೇಳುತ್ತದೆ. ನೀನು ಅದನ್ನು ತಲೆಕೆಳಗೆ ಹಿಡಿದುಕೊಂಡು ‘ಈಗ ಮನೆ ಆಯ್ತು’ ಅಂದೆ.

ನನ್ನ ಕಿಟಕಿಯ ವಿಷಯ ನಾನು ಕದ್ದು ಕೇಳಿದ್ದು, ನಿನಗೆ ಗೊತ್ತಿಲ್ಲ. ಗಂಡ ತೀರಿಕೊಂಡು ನಾನು ಒಂದು ಗಂಟು ಬಟ್ಟೆ ಹಿಡಿದು ವಾಪಸ್ ಬಂದ ವರ್ಷ ಅದು. ನೀನು ರಾಯರಿಗೆ ಮೆಲ್ಲಗೆ ಹೇಳುತ್ತಿದ್ದೆ: ‘ನನ್ನ ಮಗ್ಳು ಸಾಕಮ್ಮ ಓದ್ತಾಳೆ ಸ್ವಾಮಿ. ಅವ್ಳು ಕೂರೋ ತಾವು ಬೆಳಕು ಬೀಳಂಗೆ ಒಂದು ಕಿಟ್ಕಿ ಆಕ್ಬುಡಿ. ಈ ಮನೆ ಅವ್ಳಿಗೇ ಇರೋದು.’ ನಾನು ಆಚೆ ಹೋಗಿ ದನದ ಪಕ್ಕ ನಿಂತು ಅತ್ತೆ. ಆ ಕಿಟಕಿ ಬಂದಿದೆ. ಚೌಕಟ್ಟು ಕೂತಿದೆ. ಆ ಮನೆಗೆ ಈಗ…

ಅಳತೆಕೋಲು ಕೊಯ್ದ ದಿನ ನಿನಗೂ ರಾಯರಿಗೂ ಜಗಳ ಆಗಿಹೋಗುತ್ತಿತ್ತು. ಅವರ ನಕ್ಷೆಯಲ್ಲಿ ಎಲ್ಲ ಅಡಿ, ಇಂಚು. ನಮ್ಮ ಮರಗೆಲಸದ ಪುಟ್ಟಾಚಾರಿ ಯಜಮಾನನ ಮೊಳ ಬಿಟ್ಟು ಬೇರೆ ಯಾವ ಅಳತೆಯನ್ನೂ ಮುಟ್ಟುವವನಲ್ಲ. ನಿನ್ನ ಬಲಗೈ ಚಾಚಿಸಿ, ಮೊಣಕೈಯಿಂದ ನಡುಬೆರಳ ತುದಿಗೆ ಹಿಡಿದು ಬಿದಿರ ಕೋಲು ಕೊಯ್ದ. ‘ಈ ಮನೇಲಿ ಇನ್ನು ಇದೇ ಶಾಸ್ತ್ರ’ ಅಂದ. ರಾಯರು ಸಿಟ್ಟು ಮಾಡಿಕೊಳ್ಳಲಿಲ್ಲ. ತಮ್ಮ ಟೇಪು ತೆಗೆದು ನಿನ್ನ ಕೋಲನ್ನು ಅಳೆದರು, ನಕ್ಷೆಯ ಮೂಲೆಯಲ್ಲಿ ಬರೆದುಕೊಂಡರು, ಪ್ರತಿಯೊಂದು ಅಡಿಗೂ ನಿನ್ನ ಮೊಳ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಿ ಹೇಳಿದರು. ಅವರು ಹೇಳಿದ್ದನ್ನು ಪಟ್ಟಿ ಮಾಡಿಕೊಂಡವಳು ನಾನು. ‘ನಡುತೊಲೆ, ಹನ್ನೆರಡು ಮೊಳ.’ ನನ್ನ ಕೈಬರಹ, ಅಪ್ಪಾ. ಅಂದೇ ರಾಯರು ನನಗೆ ನಕ್ಷೆ ಓದುವುದನ್ನೂ ಹೇಳಿಕೊಟ್ಟರು. ನಮ್ಮ ಬೀದಿಯಲ್ಲಿ ನಕ್ಷೆ ಓದಬಲ್ಲವಳು ನಾನೊಬ್ಬಳೇ ಎಂದು ನೀನು ಹೆಗ್ಗಡದೇವನಕೋಟೆಯವರೆಗೂ ಹೇಳಿಕೊಂಡು ಬಂದೆ.

ತೊಲೆಯ ಮರ ತರಲು ಹೋದದ್ದೇ ಕೊನೆಯಾಯಿತಲ್ಲ. ಸರಗೂರಿನ ಕಡೆಯ ಹೊನ್ನೆ ಮರ, ನೀನೇ ಕೈಯಿಂದ ತಟ್ಟಿ ಸದ್ದು ಕೇಳಿ ಆರಿಸಿದ್ದು. ಗಾಡಿಯ ಹಿಂದೆ ನಡೆದುಕೊಂಡು ಬಂದವನಿಗೆ ಊರು ಮುಟ್ಟಿದ ದಿನವೇ ಜ್ವರ. ‘ಕಾಡ್ನೀರು ಕಣ್ಲಾ, ಎರಡ್ ದಿನ ಇರ್ತದೆ, ಓಯ್ತದೆ’ ಎಂದು ಆಚಾರಿಗೆ ಹೇಳಿದೆ. ಐದನೆಯ ದಿನ ನೀನೇ ಹೋದೆ. ಮಣ್ಣು ಮಾಡುವಾಗ ಆಚಾರಿ ಆ ಕೋಲನ್ನು ತಂದು ನಿನ್ನ ಬಲಗೈ ಪಕ್ಕದಲ್ಲಿ ಮಲಗಿಸಿದ. ‘ಯಜಮಾನನ ಕೋಲು ಯಜಮಾನನ ಜೊತೀಗೇ ಓಗ್ಬೇಕು. ಸತ್ತೋರ ಕೋಲು ಇದ್ದೋರ ಮನೇಗೆ ಆಗಾಕಿಲ್ಲ’ ಅಂದ. ಎಲ್ಲರೂ ಸರಿ ಅಂದರು. ನಾನೂ ಸರಿ ಅಂದೆ. ನಿನ್ನ ಕೈ ಜೊತೆಗೆ ಏನೋ ಒಂದು ಹೋಯಿತಲ್ಲ ಎಂದು ಸಮಾಧಾನವೂ ಆಯಿತು.

ತಿಥಿ ಕಳೆದ ಮಾರನೆಯ ದಿನ ಹೊಸ ಕೋಲಿನ ಅಳತೆಗೆ ಚಿಕ್ಕಪ್ಪ ಕೈ ಚಾಚಿದ. ನಿನ್ನ ತಮ್ಮ, ಪಾಪ, ಅವನಾಗಿ ಬರಲಿಲ್ಲ. ಯಜಮಾನನಿಲ್ಲದ ಮನೆಗೆ ಕೋಲು ಕೊಯ್ಯುವುದು ಹೇಗೆ ಎಂದು ಆಚಾರಿ ಕೂತುಬಿಟ್ಟಿದ್ದಕ್ಕೆ, ರಾವಂದೂರಿನಿಂದ ಕರೆಸಿದ್ದು ನಾವೇ. ಆಚಾರಿ ಹೊಸ ಕೋಲು ಹಿಡಿದು, ಮರದ ಮೇಲೆ ಕಾಲಿಟ್ಟು ನಿಂತು ಕೇಳಿದ: ‘ನಡುತೊಲೆ ಎಷ್ಟವ್ವ?’ ನಾನು ಪಟ್ಟಿ ನೋಡಿ ಓದಿದೆ: ‘ಹನ್ನೆರಡು ಮೊಳ.’ ಅಷ್ಟೇ. ಯಾರ ಮೊಳ ಎಂದು ನಾನು ಕೇಳಲಿಲ್ಲ. ಅವನೂ ಕೇಳಲಿಲ್ಲ. ಮೊಳ ಅಂದರೆ ಮನೆಯ ಮೊಳ, ಅದಕ್ಕೆ ಎರಡು ಉಂಟೇ? ನಕ್ಷೆ ಬಿಚ್ಚಿದ್ದರೆ ಮೂಲೆಯಲ್ಲಿ ನಿನ್ನ ಮೊಳದ ಇಂಚು ಇತ್ತು, ನಾನು ಓದಿ ತಡೆಯಬಹುದಿತ್ತು. ಬಿಚ್ಚಲಿಲ್ಲ. ಅದರ ಅಂಚಿನಲ್ಲಿ ನಿನ್ನ ಹೆಬ್ಬೆರಳಿನ ಹೊಗೆಸೊಪ್ಪಿನ ಕಲೆ ಇದೆ. ಅದನ್ನು ನೋಡಲಾರದೆ ಸುರುಳಿಯನ್ನು ಪೆಟ್ಟಿಗೆಯ ತಳಕ್ಕೆ ತುರುಕಿದ್ದೆ. ಓದು ಕಲಿಸಿದ್ದು ದಂಡ ಆಯಿತು ಕಣಪ್ಪ.

ತೊಲೆ ಎತ್ತಿದ ದಿನ ಹದಿನಾರು ಆಳು ಸೇರಿದ್ದರು. ಆ ಕಡೆ ಗೋಡೆಯ ಮೇಲೆ ಚೆನ್ನಾಗಿ ಕೂತಿತು. ಈ ಕಡೆ ಗೋಡೆಯ ಅಂಚಿಗೆ ಮುಟ್ಟಿಯೂ ಮುಟ್ಟದ ಹಾಗೆ ನಿಂತಿತು. ಮೊದಲು ನೂಕಿ ನೋಡಿದರು, ಆಮೇಲೆ ಇಳಿಸಿ ಅಳೆದರು, ಆಮೇಲೆ ಚಿಕ್ಕಪ್ಪನ ಕೈಯನ್ನೇ ಎಲ್ಲರೂ ನೋಡಿದರು. ಗೋಡೆ ಎದ್ದಿದ್ದು ನಿನ್ನ ಮೊಳದಲ್ಲಿ, ಅದಕ್ಕಿಂತ ಅವನ ಮೊಳ ಒಂದು ಬೆರಳು ಕಮ್ಮಿ. ಹನ್ನೆರಡು ಮೊಳಕ್ಕೆ ಹನ್ನೆರಡು ಬೆರಳು, ಒಂದು ಗೇಣು. ನೀನು ಪ್ರಾಣ ಕೊಟ್ಟು ತಂದ ಮರ ಒಂದು ಗೇಣು ಗಿಡ್ಡವಾಗಿ ನೆಲದ ಮೇಲೆ ಬಿದ್ದಿತ್ತು. ಆಚಾರಿ ತಲೆ ಮೇಲೆ ಕೈ ಹೊತ್ತು ಕೂತು, ‘ನನ್ನ ಉಳಿ ಇಡ್ಯೋ ಕೈಗೆ ಉಳ ಬೀಳ’ ಎಂದು ತನಗೆ ತಾನೇ ಶಾಪ ಹಾಕಿಕೊಂಡ. ಅವತ್ತಿನಿಂದ ಚಿಕ್ಕಪ್ಪ ಬಲಗೈಯನ್ನು ಟವಲಿನಲ್ಲಿ ಮುಚ್ಚಿಕೊಂಡೇ ಓಡಾಡುತ್ತಾನೆ. ಊಟಕ್ಕೆ ಮಾತ್ರ ಹೊರಗೆ ತೆಗೆಯುತ್ತಾನೆ.

‘ಇದ್ನ ಇಲ್ಗೇ ಬುಟ್ಬುಡಿ, ರಾವಂದೂರಿಗೆ ಬನ್ನಿ’ ಎಂದು ಅವನೇ ಆಮೇಲೆ ಹೇಳಿದ. ‘ನಮ್ಮ ಇತ್ಲಲ್ಲಿ ಒಂದು ಕೋಣೆ ಅದೆ. ಅತ್ಗೆ, ನೀನು, ಎರಡ್ ದನ. ಉಣ್ಣಾಕೆ ಏನ್ ಕಮ್ಮಿ?’ ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಆದರೆ ಒಬ್ಬರ ಹಿತ್ತಲಿನಿಂದ ಎದ್ದು ಬಂದವಳು ಇನ್ನೊಬ್ಬರ ಹಿತ್ತಲಿಗೆ ಹೋಗಬೇಕೇ? ಅವ್ವನ ಮುಖ ನೋಡಿದೆ. ನೀನು ಹೋದಂದಿನಿಂದ ಅವಳು ತುಟಿ ಬಿಚ್ಚಿರಲಿಲ್ಲ, ಅಪ್ಪಾ. ಅನ್ನ ಬಡಿಸುತ್ತಿದ್ದಳು, ದನ ಕಟ್ಟುತ್ತಿದ್ದಳು, ಮಾತಿಲ್ಲ. ಆಗಲೂ ಆಡಲಿಲ್ಲ. ಬೇರೆ ತೊಲೆ ತರಲು ಕಾಡಿಗೆ ಹೋಗಿಬರುವಷ್ಟರಲ್ಲಿ ಮಳೆ ಹಿಡಿದು ಗೋಡೆ ಕರಗಿ ಹೋಗುತ್ತದೆ. ನಾಲ್ಕು ದಿನ ನಾನು ಮೋಡ ನೋಡಿಕೊಂಡೇ ಕೂತೆ. ಸಾಯೋಣ ಅನ್ನಿಸಿತು ಎಂದರೆ ಬೈಯುತ್ತೀಯ. ಅನ್ನಿಸಿತು.

ಐದನೆಯ ದಿನ ಆಚಾರಿಯನ್ನು ಎಬ್ಬಿಸಿಕೊಂಡು ಮೈಸೂರಿನ ರೈಲು ಹತ್ತಿದೆ. ಪೆಟ್ಟಿಗೆಯ ತಳದಿಂದ ನಕ್ಷೆ ತೆಗೆದು ಸೆರಗಿನಲ್ಲಿ ಸುತ್ತಿಕೊಂಡಿದ್ದೆ. ನೀನು ಹೋದ ಸುದ್ದಿ ರಾಯರಿಗೆ ಗೊತ್ತೇ ಇರಲಿಲ್ಲ. ಜಗಲಿಯ ಮೇಲೆ ಕೂತು ಬಹಳ ಹೊತ್ತು ಕನ್ನಡಕ ಒರೆಸಿದರು. ಆಮೇಲೆ ಮೂಲೆಯ ಬರಹ ನೋಡಿ, ‘ನಾನು ಇದನ್ನು ಬರೆದದ್ದೇ ಇಂಥ ದಿನಕ್ಕೆ, ಸಾಕಮ್ಮ. ನೀನೊಂದು ಸಲ ಬಿಚ್ಚಿ ನೋಡಬಾರದಿತ್ತೇ?’ ಅಂದರು. ಬೈದದ್ದು ಅವರೊಬ್ಬರೇ. ಅದನ್ನು ಕೇಳಿ ಮೊದಲ ಸಲ ನನಗೆ ಉಸಿರು ಬಂತು. ವಾಪಸ್ ರೈಲಿನಲ್ಲಿ ನಮ್ಮ ಜೊತೆಗೇ ಬಂದರು.

ಜಾಗವನ್ನು ಎರಡು ಸುತ್ತು ಹಾಕಿ ರಾಯರು ಹೇಳಿದರು: ‘ಗೋಡೆಗೆ ಅಂಟಿಕೊಂಡ ಹಾಗೆ ಒಳಗಡೆ ಒಂದು ಕಂಬ ನಿಲ್ಲಿಸಿ. ತೊಲೆ ಗೋಡೆಯನ್ನು ಮುಟ್ಟುವುದೇ ಬೇಡ, ಕಂಬದ ಮೇಲೆ ಕೂರಲಿ.’ ಅಷ್ಟು ಭಾರ ಹೊರುವ ಕಂಬಕ್ಕೆ ಮರ ಎಲ್ಲಿದೆ? ನನಗೆ ಹೊಳೆದಿತ್ತು. ಆಚಾರಿಯೇ ಅಂದ: ‘ಎಡತೊರೇಲಿ ನಿಂತದಲ್ಲ, ಆಳುಬಿದ್ದ ನಿಮ್ಮ ಮನೆ ಕಂಬ.’ ಹೋಗಿ ನೋಡಿದೆವು. ಗೋಡೆಯೆಲ್ಲ ಕರಗಿ ಮಣ್ಣಾಗಿ ಗಿಡ ಬೆಳೆದಿದೆ, ನಡುವೆ ಆ ಕಂಬ ಒಂದೇ ನಿಂತಿದೆ. ಅವ್ವ ಒರಗಿ ಒರಗಿ ಕೂತಲ್ಲಿ ಎಣ್ಣೆಯ ಕಲೆ ಹಾಗೇ ಇದೆ. ರಾಯರು ಬೆರಳಿನಲ್ಲಿ ಬಡಿದು, ‘ಇನ್ನೂ ನೂರು ವರ್ಷ ಬಾಳುತ್ತದೆ. ಆದರೆ ಗಿಡ್ಡ’ ಅಂದರು. ಕೆಳಗೆ ಕಲ್ಲು ಪೇರಿಸಿದರೆ ಜಾರುತ್ತದಂತೆ. ತೊಲೆಯನ್ನೇ ಆ ಕಂಬದ ಮಟ್ಟಕ್ಕೆ ಇಳಿಸಬೇಕು. ಅದರ ಮೇಲೆ ಮೋಟು ಕಂಬ ಕೊಟ್ಟು ಸೂರನ್ನು ಎತ್ತಬಹುದು. ಸೂರು ಎತ್ತರವೇ ಇರುತ್ತದೆ. ತೊಲೆ ಮಾತ್ರ… ನಿನಗೆ ತಿಳಿಯಿತಲ್ಲ. ನಿನ್ನ ಹಣೆಗೆ ಹೊಡೆಯುತ್ತಿದ್ದ ಅದೇ ಮಟ್ಟ.

ಅದನ್ನು ಹೇಳುವಾಗ ರಾಯರು ನನ್ನ ಮುಖ ನೋಡಲಿಲ್ಲ. ‘ಗೌಡರು ನನ್ನನ್ನು ಕೇಳಿದ್ದು ಒಂದೇ ಒಂದು’ ಅಂದರು. ನಾನು ಬೇಡ ಅಂದೆ. ಗೋಡೆ ಕರಗಿದರೆ ಕರಗಲಿ, ಅಪ್ಪ ಕೇಳಿದ್ದು ಬಿಟ್ಟು ಕಟ್ಟುವುದಿಲ್ಲ ಎಂದು ಹಟ ಹಿಡಿದೆ. ನಿನ್ನ ಮಗಳಲ್ಲವೇ? ಆಗ ಹಿಂದಿನಿಂದ ಅವ್ವನ ದನಿ ಬಂತು. ಎಷ್ಟು ದಿನದ ಮೇಲೆ.

‘ಕಂಬ ತನ್ನಿ. ಕೋಲು ಇವ್ಳ ಕೈಲಿ ಕುಯ್ಯಿ, ಆಚಾರಿ.’

ಆಚಾರಿ ಚಿಕ್ಕಪ್ಪನನ್ನು ನೋಡಿದ. ಹೆಂಗಸಿನ ಮೊಳದಲ್ಲಿ ಮನೆಯೇ? ಚಿಕ್ಕಪ್ಪ ಟವಲಿನೊಳಗಿಂದ ಕೈ ತೆಗೆಯಲೇ ಇಲ್ಲ. ‘ಅವ್ಳ ಮನೆ, ಅವ್ಳ ಮೊಳ. ಕುಯ್ಯಯ್ಯ’ ಅಂದ. ನಾನು ಕೈ ಚಾಚಿದೆ. ಕೋಲು ನಿನ್ನದಕ್ಕಿಂತ ಮೂರು ಬೆರಳು ಕಮ್ಮಿ ಬಂತು. ಈ ಸಲ ನಕ್ಷೆ ಬಿಚ್ಚಿ, ಹೆಬ್ಬೆರಳಿನ ಕಲೆಯನ್ನು ನೋಡಿಕೊಂಡೇ, ನಿನ್ನ ಮೊಳದ ಕೆಳಗೆ ನನ್ನ ಮೊಳದ ಇಂಚನ್ನೂ ಬರೆದೆ. ನಿನ್ನ ಪಟ್ಟಿಯನ್ನೆಲ್ಲ ಹೊಸದಾಗಿ ಲೆಕ್ಕ ಹಾಕಿ ಬರೆದು, ಒಂದೊಂದನ್ನೂ ಎರಡೆರಡು ಸಲ ಓದಿದೆ.

ಕಂಬ ನಿನ್ನೆ ಬಂದು ನಿಂತಿತು. ನಾಳೆ ಬೆಳಿಗ್ಗೆ ತೊಲೆ ಏರುತ್ತದೆ, ಮೋಡ ಅಲ್ಲಿಯವರೆಗೆ ತಡೆದರೆ. ತಡೆಯದಿದ್ದರೆ ಏನು ಎಂದು ಯೋಚಿಸಲು ನನ್ನಲ್ಲಿ ಶಕ್ತಿ ಇಲ್ಲ. ಅವ್ವ ಈಗ ಏನು ಮಾಡುತ್ತಿದ್ದಾಳೆ ಗೊತ್ತಾ? ಸೂರಿಲ್ಲದ ನಡುಮನೆಯಲ್ಲಿ, ಆ ಕಂಬಕ್ಕೆ ಒರಗಿಕೊಂಡು ಅಕ್ಕಿ ಆರಿಸುತ್ತಿದ್ದಾಳೆ, ಹಳೆಯ ಎಣ್ಣೆಯ ಕಲೆಗೆ ತಲೆ ಕೊಟ್ಟು.

ಮಾರ್ನಮಿ ಹಬ್ಬಕ್ಕೆ ಹಿರಿಯರಿಗೆ ಎಡೆ ಇಡುವಾಗ ನಿನಗೆ ಈ ಮನೆಯಲ್ಲೇ ಇಡುತ್ತೇನೆ, ಇದು ನನ್ನ ಮಾತು. ಕೊಟ್ಟಿಗೆಯ ಮೋಟುಗೋಡೆಯ ಪಕ್ಕ, ಮೆಲುಕು ಕೇಳುವ ಜಾಗದಲ್ಲಿ. ಅಲ್ಲಿಗೆ ಬರಬೇಕಾದರೆ ನಡುತೊಲೆ ದಾಟಿಯೇ ಬರಬೇಕು. ನೀನು ತಲೆ ಎತ್ತಿ ಓಡಾಡಲಿ ಎಂದು ಬರೆಸಿದ ಮನೆ ಇದು. ನನ್ನಿಂದ ಹೀಗಾಯಿತು. ಸಿಟ್ಟು ಮಾಡಿಕೊಂಡು ಹೊರಗೇ ನಿಲ್ಲಬೇಡ, ಅಪ್ಪಾ. ತಲೆ ಬಗ್ಗಿಸಿ ಒಳಗೆ ಬಾ.