ಭುಜದ ಮೇಲಿನ ಕೈ

ಏಪ್ರಿಲ್ ಒಂಬತ್ತು, ಗುರುವಾರ ಮಧ್ಯಾಹ್ನ

ನನ್ನ ಪ್ರೀತಿಯ ಅಮ್ಮನಿಗೆ,

ಅರವತ್ತೆರಡು ವರ್ಷಗಳ ಹಿಂದೆ, ಮಾರ್ಚ್ ಹದಿನಾಲ್ಕರ ಬೆಳಿಗ್ಗೆ, ಫೋಟೋ ಸ್ಟುಡಿಯೋದ ಮೇಲಂತಸ್ತಿನಲ್ಲಿ, ಸತ್ತು ಎಂಟು ತಿಂಗಳಾಗಿದ್ದ ಅಪ್ಪನನ್ನು ನೀನು ನನ್ನ ಬೆನ್ನ ಹಿಂದೆ ತಂದು ನಿಲ್ಲಿಸಿದೆ. ಆಮೇಲೆ ಇಷ್ಟೂ ವರ್ಷ ಬಾಯಿಗೆ ಬೀಗ ಹಾಕಿಕೊಂಡೆ. ಇದನ್ನು ನಾನು ಅನ್ಯಾಯ ಎನ್ನುತ್ತೇನೆ. ಬೇರೆ ಹೆಸರಿದ್ದರೆ ನೀನೇ ಹೇಳು, ಆದರೆ ಪತ್ರ ಪೂರ್ತಿ ಓದಿದ ಮೇಲೆ.

ಫೋನ್ ಮಾಡಬಹುದಿತ್ತು. ಆದರೆ ನಿನಗೆ ಬೇಡದ ಮಾತು ಬಂದಾಗಲೆಲ್ಲ ನಿನ್ನ ಕಿವಿ ಇನ್ನಷ್ಟು ಮಂದವಾಗುತ್ತದೆ. ಕಣ್ಣಿಗೆ ಆ ನೆಪವಿಲ್ಲ. ತೊಂಬತ್ತರಲ್ಲೂ ಸೂಜಿಗೆ ದಾರ ಪೋಣಿಸುತ್ತೀಯಂತೆ, ಅಣ್ಣ ಹೇಳಿದ. ಅದಕ್ಕೇ ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದೇನೆ.

ಪುರಭವನದಲ್ಲಿ ಹಳೆಯ ಸ್ಟುಡಿಯೋದ ಫೋಟೋಗಳ ಪ್ರದರ್ಶನ ನಡೆಯುತ್ತಿದೆ. ಉದ್ಘಾಟನೆಯ ದಿನವೇ ಹೋದೆ. ಯಾಕೆ ಅಂತ ನಿನಗೆ ಗೊತ್ತು: ತಪ್ಪು ಹುಡುಕಲು. ಈ ಬೀದಿಯವರು ನನಗೆ 'ಗೆಜೆಟ್' ಅಂತ ಸುಮ್ಮನೆ ಹೆಸರಿಟ್ಟಿಲ್ಲ. ಸೇತುವೆಯ ಕಲ್ಲಿನ ಮೇಲೆ ವರ್ಷ ತಪ್ಪು ಕೆತ್ತಿದ್ದನ್ನು ಮೂರು ಪತ್ರ ಬರೆದು ತಿದ್ದಿಸಿದವಳು ನಾನು. ಗ್ರಂಥಾಲಯದಲ್ಲಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿ, ಯಾವ ಪುಸ್ತಕ ಯಾರು ಹರಿದರು ಅನ್ನುವುದನ್ನೂ ಮರೆಯದವಳು. ಅಂಥವಳು ಎರಡನೇ ಕೋಣೆಯಲ್ಲಿ, ಕಿಟಕಿಯ ಪಕ್ಕದ ಗೋಡೆಯ ಮುಂದೆ, ನಿಂತಲ್ಲೇ ನಿಂತುಬಿಟ್ಟೆ.

ನಮ್ಮ ಮನೆಯ ಫೋಟೋ ಅಲ್ಲಿತ್ತು. ಅಣ್ಣ ಕುರ್ಚಿಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಾನೆ, ಏಳು ವರ್ಷ. ಪಕ್ಕದಲ್ಲಿ ನಾನು, ನಾಲ್ಕು ವರ್ಷ, ಹೊಸ ಫ್ರಾಕು. ಹಿಂದೆ ಅಪ್ಪ, ನನ್ನ ಬಲಭುಜದ ಮೇಲೆ ಕೈ. ಅದರ ಪಕ್ಕದಲ್ಲೇ ಇನ್ನೊಂದು ಫೋಟೋ. ಅದೇ ಅಣ್ಣ, ಅದೇ ಕುರ್ಚಿ, ಅದೇ ನಾನು. ಹಿಂದೆ ಅಪ್ಪ ಇಲ್ಲ. ಕುರ್ಚಿಯ ಹಿಂದೆ ಕಪ್ಪು ಬಟ್ಟೆಯ ಒಂದು ಗುಡ್ಡೆ, ಅದರೊಳಗಿಂದ ಹೊರಬಂದ ಒಂದು ಕೈ ನನ್ನ ಭುಜ ಹಿಡಿದಿದೆ. ಕೆಳಗೆ ಚೀಟಿ: 'ಕೈಚಳಕದ ಮಾದರಿ. ಮೃತ ತಂದೆಯನ್ನು ಮಕ್ಕಳ ಚಿತ್ರಕ್ಕೆ ಸೇರಿಸಿದ್ದು. ಬಟ್ಟೆಯ ಸುಕ್ಕು ಸಹಜವಾಗಿ ಕಾಣಲೆಂದು ಭುಜದ ಮೇಲೆ ಕೈ ಇಟ್ಟವನು ಸ್ಟುಡಿಯೋದ ಸಹಾಯಕ.'

ಪ್ರದರ್ಶನದ ಮೇಲ್ವಿಚಾರಕನನ್ನು ಕರೆಸಿದೆ. ನನ್ನ ಅರ್ಧ ವಯಸ್ಸಿನವನು, ತಾಳ್ಮೆ ಮಾತ್ರ ನನ್ನ ಎರಡರಷ್ಟು.

"ಇದು ಸುಳ್ಳು ರೀ. ಆ ದಿನ ನನಗೆ ಚೆನ್ನಾಗಿ ನೆನಪಿದೆ. ಅಪ್ಪ ಅಲ್ಲೇ ಇದ್ದ" ಅಂದೆ.

"ಇರಬಹುದು ಮೇಡಂ. ಫೋಟೋ ತೆಗೆದ ಗಾಜಿನ ಪ್ಲೇಟಿನಲ್ಲಿ ಮಾತ್ರ ಇಲ್ಲ" ಅಂದ.

"ನಿಮ್ಮ ಪ್ಲೇಟಿಗೇನು ಗೊತ್ತು? ನಿಂತವಳು ನಾನು."

ಅವನು ಸ್ಟುಡಿಯೋದ ದಿನಚರಿ ಪುಸ್ತಕ ತಂದು ತೆರೆದು, ಒಂದು ಸಾಲಿನ ಕೆಳಗೆ ಬೆರಳಿಟ್ಟ. ತಾರೀಖು, 'ದರ್ಜಿ ಅಮ್ಮ' ಅಂತ ನಿನ್ನ ಗುರುತು, 'ಗಂಡ ತೀರಿಕೊಂಡು ಎಂಟು ತಿಂಗಳು, ಬಸ್ ಡಿಪೋ ಫೋಟೋದಿಂದ ಮುಖ ತೆಗೆದು ಸೇರಿಸಬೇಕು.' ನಂತರ ಮೆಲ್ಲಗೆ, "ನೆರಳು ನೋಡಿ ಮೇಡಂ" ಅಂದ. ಫೋಟೋದಲ್ಲಿ ಅಣ್ಣನ, ನನ್ನ ಮೂಗಿನ ನೆರಳು ಎಡಕ್ಕೆ. ಅಪ್ಪನದು ಬಲಕ್ಕೆ. ಸೇತುವೆಯ ಕಲ್ಲು ಓದಲು ಭೂತಗನ್ನಡಿ ಹಿಡಿದು ಹೋದವಳು, ಮನೆಯಲ್ಲಿ ನನ್ನ ಮಂಚದ ಎದುರೇ ತೂಗುಹಾಕಿದ್ದ ಇದೇ ಫೋಟೋವನ್ನು ಒಂದು ದಿನವೂ ಹಾಗೆ ನೋಡಿರಲಿಲ್ಲ.

ಅಮ್ಮಾ, ನನಗೆ ಅಪ್ಪನ ನೆನಪು ಅಂತ ಇದ್ದದ್ದು ಅದೊಂದೇ. ಅಣ್ಣನ ಹತ್ತಿರ ಹತ್ತಾರಿವೆ. ನನ್ನದು ಒಂದು: ಭುಜದ ಮೇಲೆ ಬೆಚ್ಚಗಿನ ಭಾರ, ಕತ್ತಿಗೆ ತಗುಲಿದ ತಣ್ಣಗಿನ ಉಂಗುರ, ತಲೆಯ ಹಿಂದಿನಿಂದ "ಮೂರು ಎಣಿಸೋ ತನಕ ಅಲ್ಲಾಡಬೇಡ ಪುಟ್ಟೀ" ಎಂಬ ಪಿಸುಮಾತು. "ಫೋಟೋ ತೆಗೆಸಿಕೊಂಡು ಸ್ವಲ್ಪ ದಿನಕ್ಕೇ ಹೋದರು" ಅಂತ ನೀನು ಹೇಳಿದ್ದೆ. ಊರಿನ ಕಲ್ಲುಗಳನ್ನೆಲ್ಲ ಪರೀಕ್ಷಿಸಿದ ನಾನು ಆ ಒಂದು ಮಾತನ್ನು ಪರೀಕ್ಷಿಸಲಿಲ್ಲ. ನಿನ್ನ ಬಾಯಿಂದ ಬಂದದ್ದಲ್ಲವೇ.

ಎಂಟು ವರ್ಷದ ಹಿಂದೆ ಬಸ್ ಡಿಪೋದವರು ಹಳೆಯ ಮೆಕ್ಯಾನಿಕ್‌ಗಳ ನೆನಪಿಗೆ ಸಭೆ ಮಾಡಿದಾಗ, ವೇದಿಕೆಯ ಮೇಲೆ ನಿಂತು ಇದನ್ನೇ ಹೇಳಿದೆ. ಅಪ್ಪನ ಕೈಗೆ ಗ್ರೀಸಿನ ವಾಸನೆ ಇತ್ತು ಅಂದೆ. ಫೋಟೋದಲ್ಲಿ ಅಪ್ಪ ಕ್ಯಾಮೆರಾ ನೋಡದೆ ಪಕ್ಕಕ್ಕೆ, ಕೆಳಗೆ ನೋಡುತ್ತಿದ್ದಾನಲ್ಲ, ಅದು ಡಿಪೋಗೆ ಹೊತ್ತಾಯಿತೆಂದು ಕೈಗಡಿಯಾರ ನೋಡುತ್ತಿದ್ದದ್ದು ಅಂದೆ. ಇಡೀ ಸಭೆ ಕಣ್ಣೊರೆಸಿಕೊಂಡಿತು. ಮುಂದಿನ ಸಾಲಿನಲ್ಲಿ ನೀನು ಕನ್ನಡಕ ತೆಗೆದು ಸೆರಗಿನಲ್ಲಿ ಉಜ್ಜುತ್ತಲೇ ಇದ್ದೆ. ಹೆಮ್ಮೆಯಿಂದ ಅಂತ ತಿಳಿದಿದ್ದೆ.

ಗ್ರೀಸಿನ ವಾಸನೆ ಎಲ್ಲಿಂದ ಬಂತು? ಮೊನ್ನೆಯಿಂದ ಅದನ್ನೇ ಕೆದಕುತ್ತಿದ್ದೇನೆ. ಶಾಲೆಯಲ್ಲಿ ಮೊದಲ ಸಲ ಈ ಕಥೆ ಹೇಳಿದಾಗ ವಾಸನೆ ಇರಲಿಲ್ಲ, ಖಂಡಿತ. ಡಿಪೋದಲ್ಲಿ ಕೆಲಸ ಅಂದಮೇಲೆ ಇದ್ದೇ ಇರಬೇಕು ಅಂತ ಎಂದೋ ಅಂದುಕೊಂಡಿರಬೇಕು. ಮುಂದಿನ ಸಲ ಹೇಳುವಾಗ 'ಇದ್ದಿರಬೇಕು' ಉದುರಿಹೋಗಿ 'ಇತ್ತು' ಉಳಿಯಿತು. ಕೈಗಡಿಯಾರವೂ ಹಾಗೇ ಬಂದಿರಬೇಕು. ಅಪ್ಪನಿಗೆ ಗಡಿಯಾರವೇ ಇರಲಿಲ್ಲವಂತೆ, ಅಣ್ಣ ಈಗ ಹೇಳುತ್ತಾನೆ. ನೆನಪು ಪೆಟ್ಟಿಗೆಯಲ್ಲಿ ಮಡಿಚಿಟ್ಟ ಬಟ್ಟೆಯಲ್ಲ, ತೆಗೆದಾಗಲೆಲ್ಲ ಹೊಲಿಗೆ ಬಿಚ್ಚಿ ಮತ್ತೆ ಹಾಕುತ್ತೇವೆ ಅಂತ ಓದಿ, ಬೇರೆಯವರಿಗೆ ಬೋಧಿಸಿದವಳು ನಾನೇ. ಅದು ಬೇರೆಯವರಿಗೆ ಆಗುವ ಕಾಯಿಲೆ ಅಂದುಕೊಂಡಿದ್ದೆ.

ಅಣ್ಣನಿಗೆ ಫೋನ್ ಮಾಡಿ ಜಗಳ ತೆಗೆದೆ. "ನಿನಗೆ ಏಳು ವರ್ಷ. ಗೊತ್ತಿತ್ತು. ಯಾಕೋ ಹೇಳಲಿಲ್ಲ?"

"ನಿನ್ನ ಹತ್ತಿರ ಇದ್ದದ್ದು ಅದೊಂದೇ ಕಣೇ. ಅದನ್ನೂ ಕಿತ್ಕೊಳ್ಳಲಾ?" ಅಂದ.

ಆಮೇಲೆ ಅವನೇ ಹೇಳಿದ. ಅಪ್ಪ ಹೋಗಿ ಆರು ತಿಂಗಳಿಗೆ ನಾನು ಮುಖ ಮರೆತುಬಿಟ್ಟಿದ್ದೆನಂತೆ. ಸಂಜೆ ಡಿಪೋ ಗೇಟಿನಿಂದ ಹೊರಬರುವ ಒಬ್ಬೊಬ್ಬರನ್ನೂ ತೋರಿಸಿ "ಇವರಾ?" ಅಂತ ನಿನ್ನ ಕೇಳುತ್ತಿದ್ದೆನಂತೆ. ನೀನು "ಅಲ್ಲ" ಅನ್ನುತ್ತಾ ನಡೆಯುತ್ತಿದ್ದೆಯಂತೆ. ಒಂದು ದಿನ ಅಲ್ಲ ಅನ್ನಲಾಗದೆ ದಾರಿಯಲ್ಲೇ ಕೂತೆಯಂತೆ. ಮಾರನೇ ವಾರ ಸ್ಟುಡಿಯೋ.

ಜಗಳ ಅಲ್ಲಿಗೇ ಬಿಟ್ಟು ಫೋನ್ ಇಟ್ಟೆ.

ಮರುದಿನ ಮತ್ತೆ ಪುರಭವನಕ್ಕೆ ಹೋದೆ. ನನ್ನ ಅಪ್ಪನನ್ನು ಕಸಿದವರ ಎದುರು ಇನ್ನೊಮ್ಮೆ ನಿಲ್ಲಲು ಹೋದೆನೋ, ಸುಮ್ಮನೆ ಹೋದೆನೋ ಗೊತ್ತಿಲ್ಲ. ಈ ಸಲ ಅಪ್ಪನಿಲ್ಲದ ಫೋಟೋವನ್ನೇ ನೋಡಿದೆ. ಕಪ್ಪು ಬಟ್ಟೆಯಿಂದ ಹೊರಬಂದ ಆ ಕೈ ಗಂಡಸಿನದಲ್ಲ. ನಡುಬೆರಳಿನ ತುದಿಯಲ್ಲಿ ಏನೋ ಮಿನುಗುತ್ತಿದೆ. ಭೂತಗನ್ನಡಿ ಇಟ್ಟೆ. ಬೆರಳುಟೋಪಿ. ಸೂಜಿ ಚುಚ್ಚದಿರಲೆಂದು ನೀನು ಹಾಕಿಕೊಳ್ಳುತ್ತಿದ್ದ ಲೋಹದ ಟೋಪಿ. ಹೊಲಿಗೆ ಅಂಗಡಿಯಿಂದ ನೇರ ಬಂದವಳು ತೆಗೆಯಲು ಮರೆತಿದ್ದೆ. ಊಟಕ್ಕೂ ಅದರ ಜೊತೆಗೇ ಕೂರುತ್ತಿದ್ದವಳು ನೀನು. ಅಂಚಿನಲ್ಲಿ ಆ ತಗ್ಗು ಕೂಡ ಇದೆ, ನಾನು ಹಲ್ಲಿನಿಂದ ಕಚ್ಚಿ ಮಾಡಿದ್ದು ಅಂತ ಬೈಯುತ್ತಿದ್ದೆಯಲ್ಲ, ಅದೇ. ಅಪ್ಪನ ಫೋಟೋದಲ್ಲಿ ಅದನ್ನೇ ಕುಂಚದಿಂದ ತಿದ್ದಿ ಉಂಗುರ ಮಾಡಿದ್ದಾರೆ.

ತಣ್ಣಗಿನದು ಅದು. ಬೆಚ್ಚಗಿನದು ನೀನು. ಕುರ್ಚಿಯ ಹಿಂದೆ ಕಪ್ಪು ಬಟ್ಟೆ ಹೊದ್ದು ಮೊಣಕಾಲೂರಿ ಕೂತು, ಅಲ್ಲಾಡಬೇಡ ಪುಟ್ಟೀ ಅಂದದ್ದೂ ನೀನೇ. ಇಪ್ಪತ್ತೆಂಟು ವರ್ಷದವಳು. ನಿನ್ನ ಮೇಲೆ ಇನ್ನೊಬ್ಬರನ್ನು ಬರೆಯಲೆಂದು ನಿನ್ನನ್ನು ನೀನೇ ಮುಚ್ಚಿಕೊಂಡು ಕೂತೆ. ಆ ಫೋಟೋದಲ್ಲಿ ನೀನ್ಯಾಕಿಲ್ಲ ಅಂತ ಕೇಳಿದಾಗಲೆಲ್ಲ "ನನ್ನ ಮುಖ ಫೋಟೋಗೆ ಹೊಂದಲ್ಲ" ಅನ್ನುತ್ತಿದ್ದೆ.

ಮೇಲ್ವಿಚಾರಕನಿಗೆ ಹೇಳಿದೆ: "ಚೀಟಿ ತಪ್ಪು. ಇದು ಸಹಾಯಕನ ಕೈಯಲ್ಲ, ನನ್ನ ಅಮ್ಮನ ಕೈ. ನನಗೆ ನೆನಪಿದೆ."

"ಮೇಡಂ," ಅಂದ, ನಗು ತಡೆದುಕೊಂಡು, "ನಿನ್ನೆ ನಿಮಗೆ ಅಪ್ಪನ ಕೈ ಅಂತ ನೆನಪಿತ್ತು."

ಅವನು ಹೇಳಿದ್ದು ನ್ಯಾಯವೇ. ನನ್ನ ಸಾಕ್ಷಿ ಇನ್ನು ನಡೆಯುವುದಿಲ್ಲ. ಅದಕ್ಕೇ ಲಿಖಿತ ದೂರು ಕೊಟ್ಟಿದ್ದೇನೆ. ಹತ್ತೊಂಬತ್ತನೇ ತಾರೀಖು ಭಾನುವಾರ ಪ್ರದರ್ಶನದ ಕೊನೆಯ ದಿನ. ಬಂದವರೆಲ್ಲರ ಎದುರು ಉತ್ತರ ಕೊಡುವುದಾಗಿ ಒಪ್ಪಿದ್ದಾರೆ, ಸಾಕ್ಷಿ ತಂದರೆ. ಸಾಕ್ಷಿ ನಿನ್ನ ಹೊಲಿಗೆ ಡಬ್ಬಿಯಲ್ಲಿದೆ. ಅಣ್ಣನ ಜೊತೆ ಬಾ. ಬೆರಳುಟೋಪಿ ತಾ. ಎಲ್ಲರ ಮುಂದೆ ಕೈ ಎತ್ತಿ ತೋರಿಸಿ, ಇದು ನನ್ನದು ಅಂತ ಹೇಳು. ಕಿವಿ ಕೇಳಲಿಲ್ಲ, ಕಾಲು ನೋವು, ಮುಖ ಹೊಂದಲ್ಲ, ಯಾವುದನ್ನೂ ಒಪ್ಪುವುದಿಲ್ಲ. ಅರವತ್ತೆರಡು ವರ್ಷ ಬಟ್ಟೆಯೊಳಗೆ ಕೂತದ್ದು ಸಾಕು.

ಸಿಟ್ಟು ಇಳಿಯದ, ಆದರೂ ನಿನ್ನವಳೇ ಆದ,
ಗೆಜೆಟ್

ತಾ.ಕ.: ಲಕೋಟೆ ಅಂಟಿಸಿದ ಮೇಲೆ ಮೇಲ್ವಿಚಾರಕ ಫೋನ್ ಮಾಡಿದ, ಹೋಗಿ ಬಂದು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಅಪ್ಪನ ಮುಖ ತೆಗೆದುಕೊಂಡ ಡಿಪೋ ಫೋಟೋದ ಪ್ಲೇಟು ಒಂದು ಪೆಟ್ಟಿಗೆಯಲ್ಲಿ ಸಿಕ್ಕಿದೆ. ಅಪ್ಪ ಹೋಗುವ ಎರಡು ತಿಂಗಳ ಮುಂಚಿನದು. ಮೆಕ್ಯಾನಿಕ್‌ಗಳು ಸಾಲಾಗಿ ನಿಂತಿದ್ದಾರೆ, ಎಲ್ಲರೂ ಕ್ಯಾಮೆರಾ ನೋಡುತ್ತಿದ್ದಾರೆ, ಅಪ್ಪನೊಬ್ಬನನ್ನು ಬಿಟ್ಟು. ಅವನ ಎಡತೋಳಿನ ಮೇಲೆ ಮೂರು ವರ್ಷದ ಒಂದು ಹೆಣ್ಣುಮಗು, ಒಂದು ಕಾಲಿನ ಸಾಕ್ಸ್ ಜಾರಿದೆ. ಅಪ್ಪ ಪಕ್ಕಕ್ಕೆ, ಕೆಳಗೆ, ಅದರ ಮುಖ ನೋಡುತ್ತಿದ್ದಾನೆ. ಗಡಿಯಾರವನ್ನಲ್ಲ. ಅಲ್ಲಿಂದ ಮುಖವೊಂದನ್ನೇ ಕತ್ತರಿಸಿಕೊಂಡಾಗ ನೋಟ ಬಂತು, ಮಗು ಅಲ್ಲೇ ಉಳಿಯಿತು. ಚೀಟಿಯಲ್ಲಿ 'ಮಗು: ಗುರುತು ಸಿಕ್ಕಿಲ್ಲ' ಅಂತ ಬರೆದಿದ್ದಾರೆ. ಒಂದು ಗಂಟೆ ಅದರ ಮುಂದೆ ಕೂತಿದ್ದೆ ಅಮ್ಮಾ. ನನಗೆ ಏನೇನೂ ನೆನಪಾಗಲಿಲ್ಲ. ನೆನಪು ಹುಟ್ಟಿಸಿಕೊಳ್ಳುವುದಿಲ್ಲ ಅಂತ ಆಣೆ ಮಾಡಿದ್ದೇನೆ. ಅಣ್ಣನನ್ನೂ ಕೇಳಿಲ್ಲ. ಭಾನುವಾರ, ಎಲ್ಲರಿಗೂ ಕೇಳುವಂತೆ, ನೀನೇ ಹೇಳು: ಆ ಮಗು ಯಾರು?